ಎರಡು ಹಲ್ಲಿನ ತಿಮಿಂಗಿಲ ಮತ್ತು ನಮ್ಮ ದೊಡ್ಡಪ್ಪ

ಜೀವಶಾಸ್ತ್ರದ ಮೇಡಮ್ಮುಗಳಿಗೆ ಒಂದು ಕೆಟ್ಟ ಚಟವಿರುತ್ತದೆ. ಎದುರಿಗಿರುವವರು ಆಕಳಿಸಿದರೆ ಬೇಸರಪಡುವ ಬದಲು ಅವರ ಹಲ್ಲು ನೋಡುತ್ತೇವೆ. ಹೊಳೆನರಸೀಪುರದ ನನ್ನ ತರಗತಿಯಲ್ಲಿ ಈ ಅವಕಾಶಕ್ಕೆ ಬರವಿಲ್ಲ.

ಆದರೆ ಕಟ್ಟಾಯದ ನಮ್ಮ ದೊಡ್ಡಪ್ಪನ ಹಲ್ಲು ಬಹಳ ದಿನದಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಉಳಿದಿದ್ದೇ ಎರಡು, ಅದೂ ಕೆಳದವಡೆಯಲ್ಲಿ. ಹಾಸನದಲ್ಲಿ ಮಾಡಿಸಿದ ಹಲ್ಲುಸೆಟ್ಟು ಮಾತಾಡಿದರೆ ಟಕಟಕ ಎನ್ನುತ್ತದೆಂದು ಅದನ್ನು ಲೋಟದಲ್ಲಿ ಮುಳುಗಿಸಿಟ್ಟು, ತಾವು ಬಾಯಿಗೆ ಅಡ್ಡ ಹಿಡಿದ ಟವೆಲ್ಲಿನ ಹಿಂದೆ ಅಡಗಿದ್ದರು. ನಾಲ್ಕು ಜನರ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟರು. ಚನ್ನರಾಯಪಟ್ಟಣದಲ್ಲಿ ಮೊಮ್ಮಗಳ ನಿಶ್ಚಿತಾರ್ಥ ಗೊತ್ತಾದಾಗಲೂ "ನಾ ಬರಾಕಿಲ್ಲ" ಎಂದರು. ತಾತ ಬರದಿದ್ದರೆ ಉಂಗುರವೇ ಬೇಡವೆಂದು ಹುಡುಗಿ ಅಳುತ್ತಾ ಕೂತಳು. ದೊಡ್ಡಮ್ಮ ಫೋನು ಮಾಡಿದರು: "ನೀನು ಓದ್ದೋಳು, ಬಂದು ಒಸಿ ಬುದ್ಧಿ ಯೋಳವ್ವ."

ಬುದ್ಧಿ ಹೇಳುವುದು ನನಗೆ ಬಾರದು. ಬರುವುದು ಪಾಠ ಮಾತ್ರ. ಕಟ್ಟಾಯಕ್ಕೆ ಹೋಗಿ ಅದನ್ನೇ ಮಾಡಿದೆ.

ತಿಮಿಂಗಿಲದ ಪೂರ್ವಿಕರಿಗೆ ನಮ್ಮ ಹಾಗೆಯೇ ಬಗೆಬಗೆಯ ಹಲ್ಲುಗಳಿದ್ದವು. ಹಿಡಿಯಲು ಮುಂದಿನವು, ಕತ್ತರಿಸಲು ಹಿಂದಿನವು. ಕಡಲಿನ ಬದುಕು ಪೂರ್ತಿ ಒಗ್ಗಿದ ಮೇಲೆ ಬಹಳಷ್ಟಕ್ಕೆ ಅಗಿಯುವ ರಗಳೆಯೇ ತಪ್ಪಿತು. ಡಾಲ್ಫಿನ್ನಿಗೆ ಒಂದೇ ಅಚ್ಚಿನ ಮೊಳೆಯಂಥ ಹಲ್ಲುಸಾಲು; ಮೀನು ಜಾರದಂತೆ ಹಿಡಿದು ಇಡಿಯಾಗಿ ನುಂಗುತ್ತದೆ. ದೊಡ್ಡ ಬೇಟೆಯಾಡುವ ಓರ್ಕಾ ತಿಮಿಂಗಿಲಕ್ಕೆ ದಪ್ಪನೆಯ ಗಟ್ಟಿ ಹಲ್ಲು. ಇನ್ನು ಕೊಕ್ಕಿನ ತಿಮಿಂಗಿಲವಿದೆ. ಸಮುದ್ರದ ಆಳದಲ್ಲಿ ಮೆತ್ತನೆಯ ಸ್ಕ್ವಿಡ್‌ಗಳನ್ನು ಸೊರ್ರೆಂದು ಹೀರಿ ನುಂಗುವ ಅದರ ಗಂಡಿಗೆ ಸಾಮಾನ್ಯವಾಗಿ ಕೆಳದವಡೆಯಲ್ಲಿ ಎರಡೇ ಹಲ್ಲು.

ದೊಡ್ಡಪ್ಪನ ಟವೆಲ್ಲು ಅಲ್ಲಾಡಿತು. "ಈರಿ ನುಂಗಾದಾದ್ರೆ ಆ ಎರಡು ಯಾತಕ್ಕವ್ವ?"

"ಬೇರೆ ಗಂಡುಗಳ ಜೊತೆ ಜಗಳಕ್ಕೆ ದೊಡ್ಡಪ್ಪ."

"ಎಣ್ಣಿಗೆ?"

"ಹೆಚ್ಚಾಗಿ ವಸಡು ಬಿಟ್ಟು ಆಚೆಗೇ ಬರಲ್ಲ."

ದೊಡ್ಡಪ್ಪ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಅಂಗಾದ್ರೆ ಅದು ನಮ್ ಕಡೆ ಎಣ್ಣಲ್ಲ ಬುಡು." ಆಮೇಲೆ ಕೇಳಿದರು: "ಬೀಗ್ರು ಮುದ್ದೆ ಮಾಡುಸ್ತಾರಾ?"

ಮಾಡಿಸಿದ್ದರು. ಪಂಕ್ತಿಯಲ್ಲಿ ದೊಡ್ಡಪ್ಪ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಗುಳುಂ ಎನಿಸುತ್ತಿದ್ದರು. ಪಕ್ಕದಲ್ಲಿ ಹುಡುಗನ ತಾತ ಹೊಸ ಹಲ್ಲುಸೆಟ್ಟು ಹಾಕಿಕೊಂಡು ಮುದ್ದೆಯನ್ನು ಅಗಿಯುತ್ತಿದ್ದರು. ಮುದ್ದೆ ಅಗಿಯುವುದನ್ನು ನೋಡಿ ನಮ್ಮ ಕಡೆಯವರು ಸುಮ್ಮನಿರಲಾರರು; ದೊಡ್ಡಪ್ಪನೂ ಇರಲಿಲ್ಲ.

"ಇದೇನ್ ಬೀಗ್ರೇ, ತಿಮಿಂಗ್ಲನೇ ಅಗಿಯಾಕಿಲ್ಲ, ನೀವು ಅಗೀತಿದ್ದೀರಲ್ಲ!"

ಟವೆಲ್ಲು ಮಡಿಲಿಗೆ ಜಾರಿತು. ಓರ್ಕಾ, ಡಾಲ್ಫಿನ್ನು ಎಲ್ಲ ಬಂದುಹೋದವು. ಕೊನೆಗೆ ದೊಡ್ಡಪ್ಪ ಬಾಯಗಲಿಸಿ, "ನಾನು ಈ ಜಾತಿ" ಎಂದು ತೋರಿಸಿದಾಗ ಬೀಗರು ನಕ್ಕ ರಭಸಕ್ಕೆ ಅವರ ಸೆಟ್ಟೇ ಎಲೆಗೆ ಬಿತ್ತು. ಬೀಗರು ಅದನ್ನೆತ್ತಿ ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಟ್ಟರು; ಬೊಚ್ಚುಬಾಯಲ್ಲಿ ದೊಡ್ಡದೊಂದು ತುತ್ತು ನುಂಗಿದರು. "ಇದೇ ಸುಖ ಕಣ್ರೀ!" ಎಂದರು. ಮೊಮ್ಮಗಳು ಮತ್ತೆ ಅತ್ತಳು, ಈ ಸಲ ನಕ್ಕು ನಕ್ಕು.

ಮೊನ್ನೆ ದೊಡ್ಡಮ್ಮನ ಫೋನು ಬಂತು. "ಅರಕಲಗೂಡಿಗೆ ಊಟಕ್ಕೋಗಿದ್ವಿ. ಎಲೆ ಎತ್ತುದ್ರೂವೆ ನಿಮ್ ದೊಡ್ಡಪ್ಪನ ತಿಮಿಂಗ್ಲ ಮುಗೀಲಿಲ್ಲ. ಬಾಯಿ ಬುಡುಸ್ದೋಳು ನೀನು. ಮುಚ್ಸಾದೆಂಗೆ ಅಂತ ನಿನ್ ಪುಸ್ತಕದಾಗೆ ಐತಾ ನೋಡವ್ವ."

ನೋಡಿದೆ. ಇಲ್ಲ.