ಹುರುಳಿ ಹಾಸಿದ ಸಿದ್ದಲಿಂಗವ್ವ

ರೋಣದಿಂದ ಅಸೂಟಿಗೆ ಹೋಗುವ ರಸ್ತೆಯ ಪಕ್ಕದ ಓಣಿಯಲ್ಲಿ ಸಿದ್ದಲಿಂಗವ್ವ ರೊಟ್ಟಿ ಬಡಿದು ಮಾರುತ್ತಾಳೆ. ಅವಳ ಬಾಯಿಗೆ ಹೆದರಿ ಗಂಡಸರೂ ಹಾದಿ ಬದಲಿಸುತ್ತಾರೆ. ಪುರ್ತಗೇರಿಯಿಂದ ಸೊಸೆಯಾಗಿ ಬಂದು, ಮೂವತ್ತಕ್ಕೇ ಗಂಡನನ್ನು ಕಳೆದುಕೊಂಡು, ಎರಡೆಕರೆ ಹೊಲವನ್ನೂ ಮಗ ಗುರುಪಾದನನ್ನೂ ಉಳಿಸಿಕೊಂಡದ್ದು ಆ ಬಾಯಿಯಿಂದಲೇ. ಮೆತ್ತಗಿದ್ದಿದ್ದರೆ ಭಾವಂದಿರು ಹೊಲವನ್ನು ಎಂದೋ ನುಂಗಿ ನೀರು ಕುಡಿಯುತ್ತಿದ್ದರು.

ಆ ಬಾಯಿ ಸೋತದ್ದು ರಸ್ತೆಯ ಎದುರು. ಹೋದ ವರ್ಷ ಹೊಸ ಡಾಂಬರು ಬಿದ್ದದ್ದೇ ತಡ, ಲಾರಿ, ಟ್ರ್ಯಾಕ್ಟರ್, ಬೈಕು ಎಲ್ಲಕ್ಕೂ ರೆಕ್ಕೆ ಬಂದವು. ಶಾಲೆ ಇರುವುದು ರಸ್ತೆಯಾಚೆ. ಶ್ರಾವಣದಲ್ಲಿ ಮೊಮ್ಮಗಳು ಶ್ವೇತಾ ದಾಟುವಾಗ ಬೈಕೊಂದು ಗುದ್ದಿ ಅವಳ ಕಾಲು ಮುರಿಯಿತು. ಗುದ್ದಿದ ಭಾಡ್ಯಾ ತಿರುಗಿಯೂ ನೋಡಲಿಲ್ಲ. ಏಳು ವರ್ಷದ ಹುಡುಗಿ ಮೂರು ತಿಂಗಳು ಹಾಸಿಗೆ ಹಿಡಿದಳು. ಎದ್ದ ಮೇಲೆ ಅಜ್ಜಿ ಕೈಬಿಡದೆ ಶಾಲೆ ಮುಟ್ಟಿಸತೊಡಗಿದಳು.

"ಎಲ್ಲಾರೂ ನಗ್ತಾರ ಆಯಿ. ನಾ ಒಬ್ಬಾಕೀನ ಹೊಕ್ಕೀನಿ" ಎಂದು ಹುಡುಗಿ ದಿನಾ ಅಳುತ್ತಿದ್ದಳು.

"ಹಂಪ್ ಬರೂತನಕ ನನ್ನ ಕೈ ಬಿಟ್ಟಿ ಅಂದ್ರ ನೋಡು!"

ಗಾಡಿಗಳ ಓಟ ತಗ್ಗಲು ಶಾಲೆಯ ಮುಂದೆ ರಸ್ತೆಗೆ ಹಂಪ್ ಹಾಕಿಸಿರೆಂದು ಓಣಿಯ ಹೆಂಗಸರೆಲ್ಲ ಸಹಿ, ಹೆಬ್ಬೆಟ್ಟು ಒತ್ತಿ ಅರ್ಜಿ ಕೊಟ್ಟರು. ಲೋಕೋಪಯೋಗಿ ಕಚೇರಿಯ ಸಾಹೇಬ ಮೂರು ಸಲ "ನೋಡೋಣ್ರಿ" ಎಂದ. ನಾಲ್ಕನೆಯ ಸಲ ಬಾಯಿಬಿಟ್ಟ: "ಪ್ರಭುಲಿಂಗಪ್ಪ ಸಾವ್ಕಾರ್ರು ಬ್ಯಾಡ ಅಂದಾರ್ರಿ." ಆ ಕಡಲೆ ವ್ಯಾಪಾರಿಯ ಗೋದಾಮು ಅದೇ ರಸ್ತೆಯ ಕೊನೆಗಿತ್ತು. ಹಂಪ್ ಹಾಕಿದರೆ ಗಾಡಿ ಜಿಗಿದು ಚೀಲ ಬೀಳುತ್ತವಂತೆ.

ಸಿದ್ದಲಿಂಗವ್ವ ನೇರ ಅವನ ಅಂಗಡಿಗೇ ಹೋದಳು. "ಚೀಲ ಬಿದ್ರ ಎತ್ತಿ ಇಡಾಕ ಬರ್ತೈತ್ರಿ. ಕೂಸು ಬಿದ್ರ?"

"ಕೂಸಿನ್ನ ರಸ್ತಾಕ್ಕ ಬಿಟ್ಟು ರೊಟ್ಟಿ ಬಡಕೋಂತ ಕುಂತ್ರ ಬೀಳದ ಏನ್ಮಾಡ್ತೈತಿ? ಮೊದ್ಲ ಮೊಮ್ಮಗಳ್ನ ಕಾಯೋದು ಕಲಿ."

ಅವಳು ಬಂದ ಹಾದಿಯಲ್ಲೇ ತಿರುಗಿ ನಡೆದಳು. ಅಪಘಾತವಾದ ಬೆಳಿಗ್ಗೆ ಅವಳು ನಿಜಕ್ಕೂ ರೊಟ್ಟಿ ಹಂಚಿನ ಮುಂದೆ ಇದ್ದಳು. ಅದಕ್ಕೇ ಆ ಮಾತು ಎದೆಗೆ ನಾಟಿತು, ಅದಕ್ಕೇ ಅವನ ಮೇಲಿನ ಸಿಟ್ಟು ಆರಲಿಲ್ಲ.

ಅಷ್ಟರಲ್ಲಿ ಹೊಲದ ಹುರುಳಿ ಕಿತ್ತು ಬಂತು. ಈ ಕಡೆ ಕಿತ್ತ ಬೆಳೆಯನ್ನು ಡಾಂಬರು ರಸ್ತೆಗೆ ಹಾಸಿ, ಓಡಾಡುವ ಗಾಡಿಗಳಿಂದಲೇ ತುಳಿಸಿ ಕಾಳು ಮಾಡಿಕೊಳ್ಳುವವರಿಗೆ ಬರವಿಲ್ಲ. "ರಸ್ತಾ ಏನ್ ಇವ್ರಪ್ಪನ ಕಣಾನ?" ಎಂದು ಅವರನ್ನು ಬೈಯುತ್ತಿದ್ದವಳೇ ಈ ಸಲ ಮಗನಿಗೆ ಹೇಳಿದಳು: "ಬಳ್ಳಿ ಕಣಕ್ಕ ಬ್ಯಾಡ. ಸಾಲಿ ಮುಂದ ಒಗಿ."

ರಸ್ತೆಯ ಅಗಲಕ್ಕೂ ಮೊಣಕಾಲುದ್ದ ಬಳ್ಳಿ ಬಿತ್ತು. ಲಾರಿಗಳು ತೆವಳಿದವು. ಐದು ದಿನ ಓಣಿಯ ಹೆಂಗಸರು ನಗುನಗುತ್ತ ರಸ್ತೆ ದಾಟಿದರು. ಸೊಸೆ ನಿರ್ಮಲಾ ಒಬ್ಬಳೇ ನಗಲಿಲ್ಲ.

"ಅತ್ತೀ, ಹೊಟ್ಟು ಎತ್ತಿದ ಮ್ಯಾಲೆ ಕಾಳು ಉಳೀತಾವು. ಗಾಡಿ ಜಾರ್ತಾವು, ಲಗೂನ ಬಳ್ಕೊಳ್ಳೂಣು."

"ಜಾರ್ಲಿ ಬಿಡು. ಜೋರ್ ಓಡಿಸ್ಯಾಡೋರು ಜಾರ್ತಾರ."

ಆರನೆಯ ದಿನ ಹೊಟ್ಟು ಎತ್ತಿದರು, ಉಳಿದ ಕಾಳು ಬಳಿಯಲಿಲ್ಲ. ಸ್ಕೂಟರಿನಲ್ಲಿ ಬಂದ ಪ್ರಭುಲಿಂಗಪ್ಪ ಆ ಕಾಳಿನ ಮೇಲೆ ಜಾರಿ ಬಿದ್ದ. ಇದ್ದದ್ದು ಹೇಳಬೇಕು, ಅವನು ನಿಧಾನವಾಗಿಯೇ ಬರುತ್ತಿದ್ದ. ಮೊದಲು ಓಡಿದವಳು ಸಿದ್ದಲಿಂಗವ್ವನೇ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋ ತರುವಂತೆ ಕೂಗಿದಳು. ಓಣಿಯ ದಾದಾಪೀರನ ಆಟೋದಲ್ಲಿ ದವಾಖಾನೆಗೆ ಸಾಗಿಸಿದರು. ಹೆಗಲ ಎಲುಬು ಮುರಿದಿತ್ತು.

ಸಾವ್ಕಾರನೇ ಬಿದ್ದನೆಂದು ಕಚೇರಿ ಎಚ್ಚೆತ್ತಿತು; ನಾಲ್ಕೇ ದಿನದಲ್ಲಿ ಶಾಲೆಯ ಮುಂದೆ ಹಂಪ್ ಬಂತು. ಒಂದಲ್ಲ, ಎರಡು, ಮೇಲೆ ಬಿಳಿ ಪಟ್ಟೆ ಬೇರೆ. ಸಾವ್ಕಾರನಿಂದ ಕರೆಯೂ ಬಂತು: ಊರ ಹಿರಿಯ ಅಂದಾನಪ್ಪನ ಮುಂದೆ ತಪ್ಪು ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಪೊಲೀಸರಿಗೆ ದೂರು. ಗುರುಪಾದ ಕೈಮುಗಿದು ತಾಯಿಯನ್ನು ಕರೆದೊಯ್ದ.

"ತಪ್ಪಾತ್ರಿ ಸಾವ್ಕಾರ್ರ. ಕಾಳು ಬಳೀಲಾರ್ದ ಬಿಟ್ಟದ್ದು ನಂದಾ ತಪ್ಪು" ಎಂದಳು. ಬಾಯಿಮಾತಿಗಲ್ಲ, ಮನಸ್ಸಿನಿಂದಲೇ ಅಂದಳು.

"ಮುಗೀತು ಬಿಡ್ರಿ, ಚಾ ತರಸ್ರಿ" ಎಂದು ಅಂದಾನಪ್ಪ ಉಸಿರುಬಿಟ್ಟ.

ಪ್ರಭುಲಿಂಗಪ್ಪನಿಗೆ ಅಷ್ಟಕ್ಕೆ ಸಾಕೆನಿಸಲಿಲ್ಲ. "ನನ್ನ ಪುಣ್ಯೇಕ್ಕ ಹಂಪ್ ಬಂದೈತಿ. ಇನ್ನರ ಮೊಮ್ಮಗಳ್ನ ನೆಟ್ಟಗ ಕಾಯ್ಕೊ."

ಗುರುಪಾದ ಸೆರಗು ಜಗ್ಗಿದ. ಆದರೂ ಅವಳು ತಡೆದುಕೊಳ್ಳಲಿಲ್ಲ. "ಕೂಸಿನ ಕಾಲಿಗೆ ಒಂದೂ ಬರಲಿಲ್ರಿ. ನಿಮ್ಮ ಒಂದ ಎಲುಬಿಗೆ ಎರಡ ಬಂದ್ವು. ಮೊದ್ಲ ಗೊತ್ತಿದ್ರ ಹೋದ ವರ್ಷಾನ ಹಾಸ್ತಿದ್ದೆ."

ಚಹಾ ಬರಲಿಲ್ಲ. ಸಂಜೆಯೇ ದೂರು ಹೋಯಿತು. ಮರುದಿನ ಬೆಳಿಗ್ಗೆ ಶ್ವೇತಾ ಪಾಟೀಚೀಲ ಏರಿಸಿಕೊಂಡು, ಯಾರ ಕೈಯನ್ನೂ ಹಿಡಿಯದೆ, ರಸ್ತೆ ದಾಟಿ ಶಾಲೆಗೆ ಹೋದಳು. ಅದನ್ನು ಓಣಿಯೆಲ್ಲ ನಿಂತು ನೋಡಿತು. ಸಿದ್ದಲಿಂಗವ್ವ ಮಾತ್ರ ನೋಡಲಿಲ್ಲ. ಅವಳು ಆ ಹೊತ್ತಿಗೆ ಠಾಣೆಯ ಬೆಂಚಿನ ಮೇಲೆ ಕುಳಿತು, ತನ್ನ ಹೆಸರು ಕೂಗುವುದನ್ನು ಕಾಯುತ್ತಿದ್ದಳು.