ಸೀಮೆ ಇಲಿಗೆ ಆರಡಿ ಮನೆ

ನಾನು ಶಿವಮೊಗ್ಗೆಯ ಹೈಸ್ಕೂಲೊಂದರಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವನು. ಅಳತೆ, ಕ್ಷೇತ್ರಫಲ, ಘನಫಲ ಎಂದು ಎಷ್ಟು ಮಕ್ಕಳ ಕಿವಿ ಹಿಂಡಿದ್ದೇನೋ ನನಗೇ ನೆನಪಿಲ್ಲ. ಒಂದು ಮರದ ಪೆಟ್ಟಿಗೆಗೆ ಒಂದು ಬಾಗಿಲು ಕೂರಿಸಲು ಮೂರು ವಾರ ಒದ್ದಾಡಿದವನೂ ನಾನೇ. ಇದನ್ನು ನಮ್ಮ ಮನೆಯಲ್ಲಿ ಬೇರೆ ಯಾರಾದರೂ ಹೇಳುವುದಕ್ಕಿಂತ ನಾನೇ ಹೇಳಿಬಿಡುವುದು ಮೇಲು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಮ್ಮ ಒಬ್ಬಳೇ ಮಗಳಿಗೆ ಆಗ ಒಂಬತ್ತು ವರ್ಷ. ವಿಷಮಶೀತ ಜ್ವರ ಬಂದು ಎರಡು ತಿಂಗಳು ಹಾಸಿಗೆ ಹಿಡಿದಿದ್ದಳು. ಜ್ವರ ಬಿಟ್ಟರೂ ಹುಡುಗಿ ಎದ್ದು ಓಡಾಡಲಿಲ್ಲ. ಗೋಡೆಗೆ ಒರಗಿ ಕೂತರೆ ಕೂತೇ ಇರುತ್ತಿದ್ದಳು. ಕೇಳಿದ್ದಕ್ಕೆ ಹೂಂ, ಇಲ್ಲ, ಅಷ್ಟೇ. ಡಾಕ್ಟರು ನಿಧಾನವಾಗಿ ಸರಿಹೋಗುತ್ತಾಳೆ ಎಂದರು. ನಿಧಾನ ಎಂದರೆ ಎಷ್ಟು ದಿನ ಎಂದು ಕೇಳಿದರೆ ನಕ್ಕರು. ಲೆಕ್ಕ ಸಿಗದ ಉತ್ತರ ಕಂಡರೆ ನನಗೆ ಮೈ ಉರಿಯುತ್ತದೆ.

ಅಂಥ ಹೊತ್ತಿನಲ್ಲಿ ನನ್ನ ಭಾವಮೈದ, ಅಂದರೆ ನನ್ನ ಹೆಂಡತಿಯ ತಮ್ಮ, ಭದ್ರಾವತಿಯಿಂದ ರೈಲಿನಲ್ಲಿ ಒಂದು ಬಿದಿರಿನ ಬುಟ್ಟಿ ಹಿಡಿದುಕೊಂಡು ಬಂದ. ಅವನು ಅಲ್ಲಿ ಕಬ್ಬಿಣದ ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುವವನು. ಎರಕ ಹೊಯ್ಯುವ ಮೊದಲು ಆ ವಸ್ತುವನ್ನು ಮರದಲ್ಲಿ ಹಾಗೆಯೇ ಕಡೆದು ಕೊಡಬೇಕು, ಮರಳಿನಲ್ಲಿ ಅದರ ಗುರುತು ಒತ್ತಿ ಆಮೇಲೆ ಕಬ್ಬಿಣ ಹೊಯ್ಯುತ್ತಾರೆ. ಒಳ್ಳೆಯ ಕೆಲಸಗಾರ. ಆ ಮಾತನ್ನು ಅವನೂ ಆಗಾಗ ಹೇಳುತ್ತಿದ್ದ. ಬುಟ್ಟಿಯಲ್ಲಿ ಎರಡು ಸೀಮೆ ಇಲಿಗಳಿದ್ದವು, ಇಂಗ್ಲಿಷಿನಲ್ಲಿ ಗಿನಿ ಪಿಗ್ ಎನ್ನುತ್ತಾರಲ್ಲ, ಅವು. ಊರಿಗೆ ಹೊರಟ ಯಾರೋ ಬಿಳಿಯ ದೊರೆಗಳ ಮನೆಯವರು ಬಿಟ್ಟು ಹೋದದ್ದಂತೆ. ಬಾಲವಿಲ್ಲ, ಕುತ್ತಿಗೆಯಿಲ್ಲ. ಒಂದು ಕಂದು, ಗಂಡು. ಇನ್ನೊಂದು ಬಿಳಿ, ಹೆಣ್ಣು. ನನ್ನ ಹೆಂಡತಿ ನೋಡಿ, ಮನೆಯಲ್ಲಿರುವ ಇಲಿಗಳು ಸಾಲದೆಂದು ತಂದೆಯಾ ಎಂದು ತಮ್ಮನನ್ನು ಕೇಳಿದಳು.

ಆದರೆ ಮಗಳು ಗೋಡೆ ಬಿಟ್ಟು ಎದ್ದಳು. ಅವಕ್ಕೆ ಗರಿಕೆ ಬೇಕು ಎಂದು ತಿಳಿದ ಮೇಲೆ ತಾನೇ ಬಾಗಿಲು ದಾಟಿ ಬೀದಿಯ ಅಂಚಿಗೆ ಹೋಗಿ ಹಿಡಿ ಗರಿಕೆ ಕಿತ್ತು ತಂದಳು. ಮಾರನೆಯ ದಿನ ಇನ್ನೂ ಸ್ವಲ್ಪ ದೂರ. ಒಂದು ವಾರಕ್ಕೆ ಅವಳ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಬುಟ್ಟಿಯೊಳಗಿಂದ ಕುಂಯ್ ಕುಂಯ್ ಎಂದು ಎರಡೂ ಕೂಗುತ್ತಿದ್ದವು. ಅವಳು ನಗುತ್ತಿದ್ದಳು. ಆ ನಗು ಕೇಳಿ ನನ್ನ ಹೆಂಡತಿ ಅಡಿಗೆಮನೆಯಲ್ಲಿ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಆಮೇಲೆ ಅವಳು ಇಲಿಗಳ ಸುದ್ದಿಗೆ ಹೋಗಲಿಲ್ಲ. ಬುಟ್ಟಿಯ ಮುಚ್ಚಳದ ಮೇಲೆ ರುಬ್ಬುವ ಗುಂಡು ಇಡಬೇಕಾಗಿದ್ದರಿಂದ ದೋಸೆ ಹಿಟ್ಟಿಗೆ ತೊಂದರೆ ಎಂದಷ್ಟೇ ಹೇಳಿದಳು. ಗುಂಡು ಯಾಕೆಂದರೆ ಪಕ್ಕದ ಮನೆಯ ಗಂಡು ಕೊತ್ತಿ. ನಮ್ಮ ಹಿತ್ತಲಿನ ಗೋಡೆಯ ಮೇಲೆ ಅದು ದಿನವೂ ಬಂದು ಕೂರುತ್ತಿತ್ತು.

ಬುಟ್ಟಿ ಸಾಲದು, ಅವು ಓಡಾಡಬೇಕು ಎಂದು ಮಗಳು ಕೇಳಿದಳು. ಎಷ್ಟು ಜಾಗ ಬೇಕು ಎಂದೆ. ಅವಳು ಹಿತ್ತಲಿನ ನೆಲದ ಮೇಲೆ ಮಲಗಿ ಎರಡು ಕೈಯನ್ನೂ ತಲೆಯ ಮೇಲಕ್ಕೆ ಚಾಚಿ, ಇಷ್ಟು ಎಂದಳು. ಅಳೆದರೆ ಹತ್ತಿರ ಹತ್ತಿರ ಆರು ಅಡಿ. ಆರಡಿ ಉದ್ದ, ಮೂರಡಿ ಅಗಲ ಎಂದು ನಾನು ಕಾಗದದ ಮೇಲೆ ಬರೆದೆ. ಹೆಂಡತಿ ಒಳಗಿನಿಂದಲೇ ಸಿಡುಕಿದಳು. ಆರಡಿ ಮೂರಡಿ ಎಂದು ಬಾಯಲ್ಲಿ ಅನ್ನಬಾರದು, ಅದು ಗುಂಡಿಯ ಅಳತೆ, ಹುಡುಗಿ ಈಗಷ್ಟೇ ಎದ್ದಿದ್ದಾಳೆ ಎಂದಳು. ಇಂಥ ಮಾತಿಗೆಲ್ಲ ಸೊಪ್ಪು ಹಾಕುವವನಲ್ಲ ನಾನು. ಆದರೂ ಅಗಲವನ್ನು ಎರಡೂವರೆ ಮಾಡಿದೆ, ಗೊಣಗುತ್ತಲೇ ಮಾಡಿದೆ.

ಕೋಳಿ ಗೂಡು ಮಾಡುವವನಿಗೆ ಹೇಳಿದರೆ ಸಂಜೆಯೊಳಗೆ ಬಿದಿರಿನಲ್ಲಿ ಒಂದು ಹೆಣೆದು ಕೊಡುತ್ತಿದ್ದ. ಹೆಂಡತಿ ಹಾಗೆ ಹೇಳಿಯೂ ಇದ್ದಳು. ನಾನು ಕೇಳಲಿಲ್ಲ. ಹಳೆಯ ಹೊನ್ನೆಯ ಹಲಗೆಗಳನ್ನು ತಂದು ಗರಗಸ ಹಿಡಿದು ನಾನೇ ಕೂತೆ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ ಎಂದು ಅವಳು ಅಂದದ್ದು ಆಗಲೇ. ಹಿಂಬದಿ, ಎರಡು ಪಕ್ಕ, ತಳ, ಮೇಲೆ ತಗಡು, ಎಲ್ಲ ಚೆನ್ನಾಗಿಯೇ ಬಂದವು. ಉಳಿದದ್ದು ಮುಂಬದಿ. ಯುದ್ಧದ ದೆಸೆಯಿಂದ ತಂತಿ ಬಲೆ ಬಜಾರಿನಲ್ಲಿ ಎಲ್ಲೂ ಸಿಗಲಿಲ್ಲ. ಮರದ ಪಟ್ಟಿಗಳನ್ನು ಸಾಲಾಗಿ ಹೊಡೆದು ಇಡೀ ಮುಂಬದಿಯನ್ನೇ ಒಂದು ಬಾಗಿಲಿನ ಹಾಗೆ ತಾನು ಮನೆಯಲ್ಲಿ ಮಾಡಿ ತರುತ್ತೇನೆ ಎಂದು ಭಾವಮೈದ ಒಪ್ಪಿಕೊಂಡ. ಸರಿಯಾಗಿ ಆರು ಅಡಿ, ಎರಡು ಅಡಿ ಎತ್ತರ, ಗೂಡಿನ ಮುಂದಿನ ಎರಡು ಕಂಬಗಳ ನಡುವೆ ಗೆರೆ ಎಳೆದ ಹಾಗೆ ಒಳಗೆ ಕೂರಬೇಕು ಎಂದು ನಾನು ಬರೆದು ಕೊಟ್ಟೆ. ಈ ಒಳಗೆ ಎಂಬ ಮಾತಿನ ಕೆಳಗೆ ಎರಡು ಗೆರೆ ಬೇರೆ ಹಾಕಿದ್ದೆ.

ಮುಂದಿನ ಭಾನುವಾರ ಅವನು ಆ ಬಾಗಿಲನ್ನು ರೈಲಿನ ಗಾರ್ಡಿನ ಡಬ್ಬಿಯಲ್ಲಿ ಹಾಕಿಸಿಕೊಂಡು ಬಂದ. ನೋಡಲು ಅಂದವಾಗಿತ್ತು, ಒಂದು ಮೊಳೆಯ ತಲೆಯೂ ಮೇಲೆದ್ದಿರಲಿಲ್ಲ. ಇಬ್ಬರೂ ಎತ್ತಿ ಹಿಡಿದೆವು. ಕೂರಲಿಲ್ಲ. ಮುಕ್ಕಾಲು ಇಂಚು ಹೆಚ್ಚು.

ನನ್ನ ಅಡಿಕೋಲಿನಿಂದ ಅಳೆದು ತೋರಿಸಿದೆ. ಒಂದಡಿಯ ಕೋಲನ್ನು ಆರು ಸಲ ಎತ್ತಿಟ್ಟರೆ ಆರು ಸಲ ತಪ್ಪುತ್ತದೆ ಎಂದು ಅವನು ವಾದ ಹೂಡಿದ. ಹೆರೆದುಬಿಡು ಎಂದೆ. ಅವನ ಮುಖ ಕೆಂಪಾಯಿತು. ತಾನು ಕೊಟ್ಟ ಅಚ್ಚನ್ನು ಇದುವರೆಗೆ ಯಾರೂ ಹೆರೆದಿಲ್ಲ ಎಂದ. ಮನೆಯಲ್ಲಿ ಅಳೆದು ನೋಡುತ್ತೇನೆ ಎಂದು ಬಾಗಿಲನ್ನು ಮತ್ತೆ ಸ್ಟೇಷನ್ನಿಗೆ ಹೊರಿಸಿಕೊಂಡು ಹೋದ. ಇಂಥ ಮನುಷ್ಯನಿಗೆ ಏನು ಹೇಳುವುದು?

ಬುಧವಾರ ಕಾರ್ಡು ಬಂತು. ಬಾಗಿಲು ಆರಡಿಗೆ ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ, ಭಾವನವರ ಕಂಬಗಳೇ ಒಳಕ್ಕೆ ವಾಲಿವೆ ಎಂದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾನು ಉತ್ತರ ಬರೆದೆ. ಬರೆದು ಹಾಕಿದರೂ ಅನುಮಾನ ಹೋಗಲಿಲ್ಲ. ಶಾಲೆಯಿಂದ ಗಜಕೋಲು ತಂದು ಕಂಬಗಳ ನಡುವೆ ಮೇಲೆ, ಮಧ್ಯೆ, ಕೆಳಗೆ ಮೂರು ಕಡೆ ಅಳೆದೆ. ಆರಕ್ಕೆ ಆರೇ. ಎರಡನೆಯ ಭಾನುವಾರ ಅವನು ಅದೇ ಬಾಗಿಲನ್ನು ಹೊತ್ತು ತಂದ. ಅದೇ ಮುಕ್ಕಾಲು ಇಂಚು. ಆ ದಿನ ನಾವಿಬ್ಬರೂ ಊಟಕ್ಕೆ ಬೇರೆ ಬೇರೆ ಪಂಕ್ತಿಯಲ್ಲಿ ಕೂತೆವು. ಬಾಗಿಲನ್ನು ನುಗ್ಗೆಮರಕ್ಕೆ ಒರಗಿಸಿಟ್ಟು, ಮುಂದಿನ ವಾರ ತನ್ನ ಸ್ವಂತ ಅಳತೆಪಟ್ಟಿ ತಂದು ನನ್ನ ಕಣ್ಣು ತೆರೆಸುತ್ತೇನೆ ಎಂದು ಹೇಳಿ ಹೋದ.

ಮಗಳು ದಿನವೂ ನಾನು ಶಾಲೆಯಿಂದ ಬರುವುದನ್ನೇ ಕಾದು, ಇವತ್ತು ಆಗುತ್ತದೆಯೇ ಎಂದು ಕೇಳುತ್ತಿದ್ದಳು. ಬಿಳಿಯದರ ಹೊಟ್ಟೆ ದೊಡ್ಡದಾಗುತ್ತಿತ್ತು. ಬುಟ್ಟಿಯಲ್ಲಿ ಮರಿ ಹಾಕಿದರೆ ಜಾಗ ಎಲ್ಲಿ ಎಂದು ಅವಳ ಚಿಂತೆ. ಆ ಮುಕ್ಕಾಲು ಇಂಚನ್ನು ನಾನೇ ಹೆರೆದುಬಿಡಬಹುದಿತ್ತು, ಅರ್ಧ ಗಂಟೆಯ ಕೆಲಸ. ಹೆರೆದರೆ ತಪ್ಪು ನನ್ನದು ಎಂದು ಅವನು ತಿಳಿದುಕೊಳ್ಳುತ್ತಾನಲ್ಲ! ಆದದ್ದಾಗಲಿ, ಮೊದಲು ಯಾರ ಅಳತೆ ಸರಿ ಎಂದು ತೀರ್ಮಾನವಾಗಲಿ ಎಂದು ಕೂತೆ.

ಮೂರನೆಯ ಭಾನುವಾರ ಮಧ್ಯಾಹ್ನ ಹಿತ್ತಲಿನಲ್ಲಿ ಸೇರಿದೆವು. ಇವತ್ತು ಮುಗಿಸಿಯೇ ಬಿಡುತ್ತೇವೆ ಎಂದು ನಾನು ಅಂದ ಮಾತನ್ನು ನಂಬಿ ಮಗಳು ಬುಟ್ಟಿಯಿಂದ ಎರಡನ್ನೂ ಎತ್ತಿ ಹೊಸ ಗೂಡಿನೊಳಗೆ ಬಿಟ್ಟಳು. ಅವು ಆರು ಅಡಿಯನ್ನೂ ಒಂದೇ ಉಸಿರಿಗೆ ಓಡಿದವು. ಅವಳು ತೆರೆದ ಮುಂಬದಿಗೆ ಅಡ್ಡವಾಗಿ ಕಾಲು ಚಾಚಿ ಕೂತು ಕಾಯುತ್ತಿದ್ದಳು. ನನಗೆ ಗುರುತು ಹಾಕಲು ಪೆನ್ಸಿಲ್ ಬೇಕಾಯಿತು. ಒಳಗಿಂದ ತೆಗೆದುಕೊಂಡು ಬಾ ಎಂದು ಅವಳನ್ನೇ ಎಬ್ಬಿಸಿದೆ.

"ಅಪ್ಪ, ಇವನ್ನ ನೋಡ್ಕೊಂಡಿರ್ತೀರಾ?" ಎಂದು ಕೇಳಿದಳು.

"ನೋಡ್ಕೋತೀನಿ, ಹೋಗು" ಎಂದೆ.

ಭಾವಮೈದ ಚೀಲದಿಂದ ತನ್ನ ಎರಡಡಿಯ ಉಕ್ಕಿನ ಪಟ್ಟಿ ತೆಗೆದ. ನಾನು ಗಜಕೋಲು ಹಿಡಿದೆ. ಎರಡನ್ನೂ ಬಾಗಿಲಿನ ಮೇಲೆ ಪಕ್ಕಪಕ್ಕ ಇಟ್ಟೆವು. ಅವನ ಎರಡಡಿಯ ಗೆರೆ ನನ್ನ ಎರಡಡಿಯ ಗೆರೆಯನ್ನು ದಾಟಿ ಕಾಲು ಇಂಚು ಆಚೆ ನಿಂತಿತ್ತು. ನಾನು ಕಣ್ಣುಜ್ಜಿಕೊಂಡೆ. ಅವನು ಹಣೆ ಚಚ್ಚಿಕೊಂಡ.

"ಅಯ್ಯೋ ಭಾವ, ಇದು ಎರಕದ ಪಟ್ಟಿ. ಕಬ್ಬಿಣ ಆರಿದ್ ಮೇಲೆ ಕುಗ್ಗತ್ತಲ್ಲ, ಅದಕ್ಕೆ ಇದ್ರಲ್ಲಿ ಅಡಿಗೆ ಅರೆಕಾಲು ಇಂಚು ಮೊದ್ಲೇ ಸೇರಿಸಿರ್ತಾರೆ."

ಅವನ ಮನೆಯಲ್ಲಿರುವುದು ಅದೊಂದೇ ಪಟ್ಟಿ. ಮಂಚ, ಮಣೆ, ಕಪಾಟು ಎಲ್ಲವನ್ನೂ ಅದರಲ್ಲೇ ಅಳೆದು ಮಾಡಿಕೊಂಡಿದ್ದ. ಒಂದಕ್ಕೊಂದು ಸರಿಹೊಂದುತ್ತಿದ್ದುದರಿಂದ ಅಡಿ ಎಂದರೆ ಅದೇ ಎಂದುಕೊಂಡಿದ್ದ. ಆರು ಅರೆಕಾಲು ಎಂದರೆ ಮುಕ್ಕಾಲು! ನನಗೆ ಎಷ್ಟು ಸಂತೋಷವಾಯಿತೆಂದರೆ ಅವನ ಬೆನ್ನಿಗೆ ಹೊಡೆದೆ. "ಹಾಗಾದ್ರೆ ನಂದೂ ಸರಿ, ನಿಂದೂ ಸರಿ ಮಾರಾಯ" ಎಂದೆ. ಇಬ್ಬರೂ ಪಟ್ಟಿಗಳ ಮೇಲೆ ಬಗ್ಗಿಕೊಂಡು ನಕ್ಕೆವು. ಕಾಲು, ಅರ್ಧ, ಮುಕ್ಕಾಲು ಎಂದು ಮೂರು ಸಲ ಇಟ್ಟು ಪರೀಕ್ಷೆಯನ್ನೂ ಮಾಡಿದೆವು.

ಹಿಂದೆ ಏನೋ ಕಿರ್ರೆಂದಿತು. ತಿರುಗುವಷ್ಟರಲ್ಲಿ ಕೊತ್ತಿ ಕಂದು ಇಲಿಯನ್ನು ಬಾಯಲ್ಲಿ ಕಚ್ಚಿಕೊಂಡು ಗೋಡೆ ಹಾರಿತ್ತು. ಭಾವಮೈದ ಕೂಗುತ್ತಾ ಗೋಡೆ ಹತ್ತಿದ. ಪ್ರಯೋಜನವಿಲ್ಲ. ಬಿಳಿಯದು ಗೂಡಿನ ಮೂಲೆಗೆ ಒತ್ತಿಕೊಂಡು ನಡುಗುತ್ತಿತ್ತು. ಮಗಳು ಹಿತ್ತಲ ಬಾಗಿಲಲ್ಲಿ ಪೆನ್ಸಿಲ್ ಹಿಡಿದು ನಿಂತಿದ್ದಳು.

ಅವಳು ಅತ್ತಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಳಲಿಲ್ಲ. ಪೆನ್ಸಿಲನ್ನು ಜಗಲಿಯ ಮೇಲಿಟ್ಟು ಒಳಗೆ ಹೋಗಿ ಗೋಣಿ ಹೊಲಿಯುವ ದಾರದ ಉಂಡೆ ತಂದಳು. ನಮ್ಮ ಪಟ್ಟಿಗಳನ್ನು ಕೆಳಗೆ ಸರಿಸಿ ಬಾಗಿಲಿನ ಒಂದು ತುದಿ ಹಿಡಿದಳು, ಇನ್ನೊಂದು ತುದಿ ಹಿಡಿಯುವಂತೆ ಮಾವನಿಗೆ ಸನ್ನೆ ಮಾಡಿದಳು. ಕಂಬಗಳ ನಡುವೆ ಕೂರಿಸಲು ಹೋಗಲಿಲ್ಲ. ಹೊರಗಿನಿಂದ ಎರಡು ಕಂಬಗಳಿಗೂ ತಾಗುವಂತೆ ಒರಗಿಸಿದಳು. ಆ ಮುಕ್ಕಾಲು ಇಂಚು ಹೆಚ್ಚಿದ್ದುದರಿಂದಲೇ ಅದು ಒಳಕ್ಕೆ ಬೀಳದೆ ಎರಡು ಕಡೆಯೂ ಕಂಬದ ಮೇಲೆ ನಿಂತಿತು. ನಾಲ್ಕು ಮೂಲೆಯಲ್ಲಿ ದಾರ ಸುತ್ತಿ ಬಿಗಿಯಾಗಿ ಗಂಟು ಹಾಕಿದಳು. ಜ್ವರದಿಂದ ಎದ್ದ ಕೈ, ನಡುನಡುವೆ ನಿಲ್ಲಿಸಿ ಉಸಿರು ಬಿಡುತ್ತಿದ್ದಳು. ನಾನು ಕಟ್ಟುತ್ತೇನೆ ಎಂದು ಹೋದರೆ ದಾರ ಕೊಡಲಿಲ್ಲ.

ಆ ಬಾಗಿಲು ಕೊನೆಯವರೆಗೂ ಹಾಗೆಯೇ ಹೊರಗಿನಿಂದ ಕಟ್ಟಿಕೊಂಡೇ ಇತ್ತು. ಹತ್ತು ದಿನಕ್ಕೆ ಬಿಳಿಯದು ಮೂರು ಮರಿ ಹಾಕಿತು, ಎರಡು ಕಂದು ಬಣ್ಣದವು. ಮರು ವರ್ಷ ಮಗಳು ಶಾಲೆಗೂ ಹೋದಳು, ಮುಂದೆ ನನ್ನ ಲೆಕ್ಕದ ಪಾಠವನ್ನೂ ಕಲಿತಳು. ಭಾವಮೈದ ಸಾಯುವವರೆಗೂ ಬಂದವರಿಗೆಲ್ಲ ಎರಡು ಪಟ್ಟಿಗಳ ಕಥೆ ಹೇಳಿ ನಗಿಸುತ್ತಿದ್ದ, ಕೊತ್ತಿಯ ಭಾಗಕ್ಕೆ ಬರುವ ಮೊದಲೇ ನಿಲ್ಲಿಸುತ್ತಿದ್ದ. ಅವನು ಆ ಕಥೆ ತೆಗೆದರೆ ನಾನು ಎದ್ದು ಹೋಗುತ್ತಿದ್ದೆ.

ಆ ದಿನ ಕೊನೆಯ ಗಂಟು ಹಾಕಿ ಅವಳು ಎದ್ದು ನಿಂತು, ಗಂಟನ್ನು ಒಂದು ಸಲ ಎಳೆದು ನೋಡಿದಳು.

"ಹೊರಗಡೆಯಿಂದ ಕಟ್ಟಿದ್ರೆ ಸಾಕಿತ್ತಲ್ಲ ಅಪ್ಪ" ಎಂದಳು. ಕೋಪದಿಂದಲ್ಲ, ಕೇಳಿದ್ದು ಅಷ್ಟೇ.

ನಾಚಿಕೆಯಿಂದ ತಲೆ ತಗ್ಗಿಸಿದೆ. ಅವಳು ಜಗಲಿಗೆ ಹೋಗಿ ಪೆನ್ಸಿಲ್ ತಂದು, ಕೇಳಿದ್ರಲ್ಲ ಎಂದು ನನ್ನ ಕೈಗೆ ಕೊಟ್ಟಳು.