ನಲ್ಲಿ ತೊಟ್ಟಿಕ್ಕುವ ಸೀನು

ಆ ಚಿತ್ರಕ್ಕೆ ಕತ್ತರಿ ಹಾಕಿಸಿದ ಟಾಕೀಸಿನ ಮಾಲೀಕನ ಮೇಲೆ ಪ್ರೊಜೆಕ್ಟರ್ ಆಪರೇಟರನ ಸಿಟ್ಟು ಇವತ್ತಿಗೂ ಆರಿಲ್ಲ. ಎಪ್ಪತ್ತರ ದಶಕದ ಕ್ರೈಂ ಚಿತ್ರ. ಹಾಡಿಲ್ಲ, ಕುಣಿತವಿಲ್ಲ; ಒಬ್ಬ ಬಡಕಲು ಕಳ್ಳ, ಅವನ ಬೆನ್ನು ಬಿದ್ದ ಇನ್ನೂ ಬಡಕಲು ಪೇದೆ. ಪೇಪರಿನವರು ಮೂಸಿಯೂ ನೋಡಲಿಲ್ಲ. ಅದರಲ್ಲೊಂದು ಸೀನು: ಕಳ್ಳ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದಾನೆ, ಪೇದೆ ಅದೇ ಮನೆಯ ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದಾನೆ. ಮಾತಿಲ್ಲ, ಸಂಗೀತವಿಲ್ಲ, ನಲ್ಲಿ ತೊಟ್ಟಿಕ್ಕುವುದಷ್ಟೇ.

“ಸೌಂಡ್ ಹೋಯ್ತು ಅಂತ ಜನ ಬೊಬ್ಬೆ ಹೊಡೀತಾರೆ, ಕಿತ್ತುಹಾಕು,” ಎಂದಿದ್ದ ಮಾಲೀಕ.

“ಸೌಂಡ್ ಹೋಗಿಲ್ಲ ಸ್ವಾಮಿ, ಆ ಕಳ್ಳನ ಜೀವ ಹೋಗ್ತಾ ಇದೆ.”

“ನಿನ್ನ ಕೆಲ್ಸಾನೂ ಹೋಗುತ್ತೆ ನೋಡು.”

ಆಪರೇಟರ್ ಹಲ್ಲು ಕಚ್ಚಿ ಕತ್ತರಿಸಿದ. ಆದರೆ ಗುರುವಾರ, ಕೊನೆಯ ಆಟಕ್ಕೆ ಮುಂಚೆ, ಆ ತುಂಡನ್ನು ಮತ್ತೆ ರೀಲಿಗೆ ಅಂಟಿಸಿದ. ನಾಳೆ ರೀಲಿನ ಡಬ್ಬಿಗಳು ಹಂಚಿಕೆದಾರನಿಗೆ ವಾಪಸು. ಒಂದು ಸಲವಾದರೂ ಜನ ನೋಡಲಿ ಎಂಬ ಹಟ. ಮಾಲೀಕ ಊರಲ್ಲಿಲ್ಲ ಎಂದುಕೊಂಡಿದ್ದ. ಸೀನು ಬರುವ ಹೊತ್ತಿಗೆ ಬಾಲ್ಕನಿಯಲ್ಲಿ ಮಾಲೀಕನ ಬೋಳುತಲೆ ಕಾಣಿಸಿತು.

ನಲ್ಲಿ ತೊಟ್ಟಿಕ್ಕತೊಡಗಿತು. “ಸೌಂಡು” ಎಂದು ಯಾರೋ ಕೂಗಿದರು.

“ಬಾಯ್ಮುಚ್ಚೋ, ಪೇದೆಗೆ ಕೇಳಿಸ್ಬಿಡುತ್ತೆ,” ಎಂದಿತು ಇನ್ನೊಂದು ದನಿ. ಆಮೇಲೆ ಒಬ್ಬನೂ ಕೆಮ್ಮಲಿಲ್ಲ.

ಪ್ರೊಜೆಕ್ಟರ್ ಕೋಣೆಯ ಮೆಟ್ಟಿಲ ಮೇಲೆ ಮಾಲೀಕನ ಬೂಟಿನ ಸದ್ದು. ಅಲ್ಲಿ ಅಡ್ಡ ನಿಂತವನು ಗೇಟ್‌ಕೀಪರ್, ಆಪರೇಟರನ ಹೆಂಡತಿಯ ಅಣ್ಣ.

“ಅವನದೇನೂ ತಪ್ಪಿಲ್ಲ. ನೀವೇ ಸೇರಿಸೋಕೆ ಹೇಳಿದ್ರಿ ಅಂತ ನಾನೇ ಅವನಿಗೆ ಸುಳ್ಳು ಹೇಳ್ದೆ.”

“ಹಾಗಾದ್ರೆ ನಾಳೆಯಿಂದ ಗೇಟಿನ ಹತ್ರ ಸುಳೀಬೇಡ.”

ಆಪರೇಟರನ ರಕ್ತ ಕುದಿಯಿತು. ಓಡಿಹೋಗಿ ನಿಜ ಹೇಳೋಣವೆಂದರೆ ರೀಲು ಮುಗಿಯುತ್ತ ಬಂದಿತ್ತು. ಮುಂದಿನ ರೀಲು ಹಾಕಿಟ್ಟ ಎರಡನೆಯ ಮೆಶಿನ್ನು ಶುರು ಮಾಡದಿದ್ದರೆ ಪರದೆ ಬೆಳ್ಳಗಾಗಿ, ಜನ ಹಿಡಿದ ಉಸಿರೆಲ್ಲ ಶಿಳ್ಳೆಯಾಗುತ್ತಿತ್ತು. ಕೈ ಸ್ವಿಚ್ಚಿನ ಮೇಲಿಟ್ಟು, ಪರದೆಯ ಮೂಲೆಯಲ್ಲಿ ಸೂಚನೆಯಾಗಿ ಮೂಡುವ ಚುಕ್ಕೆಗೆ ಕಾದ. ಚುಕ್ಕೆ ಬಂತು, ರೀಲು ಬದಲಾಯಿತು. ಅಷ್ಟರಲ್ಲಿ ಭಾವ ಹೊರಟುಹೋಗಿದ್ದ.

ಆಟ ಮುಗಿದ ಮೇಲೆ ಆಪರೇಟರ್ ಮಾಲೀಕನ ಕೋಣೆಗೆ ನುಗ್ಗಿ ನಿಜ ಹೇಳಿದ. “ಮನೆಮಂದಿಯೆಲ್ಲ ಸೇರಿ ನಾಟಕ ಆಡ್ತೀರಾ? ಆಪರೇಟರ್ ಸಿಗೋದು ಕಷ್ಟ, ಗೇಟಿಗೆ ಯಾರಾದ್ರೂ ಆಗುತ್ತೆ,” ಎಂದು ನಕ್ಕುಬಿಟ್ಟ ಮಾಲೀಕ.

ಮರುದಿನ ಭಾವನ ಮನೆಗೆ ಹೋದಾಗ ಭಾವ ಅಂಗಿಗೆ ಗುಂಡಿ ಹೊಲಿಯುತ್ತಿದ್ದ. “ಗೇಟಲ್ಲೇ ನಿಂತು ಪಿಚ್ಚರ್ ಪೂರ್ತಿ ನೋಡ್ಲೇ ಇಲ್ಲ ಕಣಪ್ಪ. ಕೊನೆಗೆ ಕಳ್ಳ ಸಿಕ್ಕಿಬಿದ್ನಾ?”

“ಅದು ಏನಾಯ್ತು ಅಂದ್ರೆ ಭಾವ...”

“ಬೇಡ, ಹೇಳ್ಬೇಡ. ಕೂರಿಸಿ ತೋರಿಸು, ನಲ್ಲಿ ಸೀನೂ ಸೇರಿ. ಅಷ್ಟು ಸಾಲ ನಿನ್ನ ಮೇಲಿರಲಿ.”

ಡಬ್ಬಿಗಳು ಆಗಲೇ ವಾಪಸು ಹೋಗಿದ್ದವು. ಆಪರೇಟರ್ ಕಂಡ ಕಂಡ ಹಂಚಿಕೆದಾರರನ್ನು ಕೇಳಿದ, ಗೋಗರೆದ, ಒಬ್ಬನ ಕೊರಳಪಟ್ಟಿಯನ್ನೂ ಹಿಡಿದ. ಓಡದ ಚಿತ್ರದ ಪ್ರತಿಯನ್ನು ಯಾರು ಇಟ್ಟುಕೊಂಡಿರುತ್ತಾರೆ? ವರ್ಷಗಳು ಕಳೆದು ಭಾವ ತೀರಿಕೊಂಡ. ಕಳ್ಳ ಏನಾದ ಎಂಬುದನ್ನು ಅವನಿಗೆ ತೋರಿಸುವುದು ಬಾಕಿಯೇ ಉಳಿಯಿತು.